ಸಾಮಿಲ್‌ನಲ್ಲಿ ಡೀಸೆಲ್ ಚೆಲ್ಲಿದರೆ, ಹೊಟ್ಟು ಹೊತ್ತಿಕೊಂಡರೆ: ಮೊದಲು ಮೋರಿ ಮುಚ್ಚಿ

ಮಾಲಿನ್ಯ ಅಂದರೆ ದೊಡ್ಡ ಕಾರ್ಖಾನೆಯ ಚಿಮಣಿ, ಬಣ್ಣದ ನೀರು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಸಾಮಿಲ್ ಮಾಲೀಕರನ್ನು ಕೇಳಿ ನೋಡಿ. "ನಾವು ಮರ ಕೊಯ್ಯೋರು ಸ್ವಾಮಿ, ನಮ್ಮಲ್ಲಿ ಅದ್ಯಾವ ವಿಷ?" ಅನ್ನುತ್ತಾರೆ. ಆದರೆ ಜನರೇಟರ್ ಪಕ್ಕ ಡೀಸೆಲ್ ಬ್ಯಾರೆಲ್ ಇರುತ್ತದೆ. ಹಿಂದುಗಡೆ ಮಳೆಗೆ ನೆನೆಯುವ ಹೊಟ್ಟಿನ ಗುಡ್ಡ ಇರುತ್ತದೆ. ಕೆಲವು ಕಡೆ ಹಲಗೆ ಅದ್ದುವ ಔಷಧದ ತೊಟ್ಟಿಯೂ ಇರುತ್ತದೆ. ಈ ಮೂರರಲ್ಲಿ ಯಾವುದು ಹರಿದರೂ ಅದು ಕಾಂಪೌಂಡ್ ಒಳಗೆ ನಿಲ್ಲುವುದಿಲ್ಲ.

ಹುಣಸೂರಿನ ಮಿಲ್ಲಿನಿಂದ ಲಕ್ಷ್ಮಣತೀರ್ಥಕ್ಕೆ ಇಳಿದ ಎಣ್ಣೆ ಕನ್ನಂಬಾಡಿ ಕಟ್ಟೆಯ ದಾರಿ ಹಿಡಿಯುತ್ತದೆ. ಮೈಸೂರು ನಗರದ ಉತ್ತರದ ನೀರು ಕಾವೇರಿ ಕಡೆಗೆ, ದಕ್ಷಿಣದ ನೀರು ಕಬಿನಿ ಕಡೆಗೆ ಇಳಿಯುತ್ತದೆ. ಮಂಡ್ಯ, ಮದ್ದೂರು ಕಡೆಯಾದರೆ ವಿಶ್ವೇಶ್ವರಯ್ಯ ನಾಲೆಯ ಯಾವುದೋ ಒಂದು ಕವಲು ಹತ್ತಿರದಲ್ಲೇ ಇರುತ್ತದೆ. ಅಲ್ಲಿಂದ ಸೀದಾ ಯಾರದೋ ಭತ್ತದ ಗದ್ದೆ.

ಹತ್ತು ಹದಿನೈದು ಜನ ದುಡಿಯುವ ಸಣ್ಣ ಮಿಲ್ಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಸುರಕ್ಷತಾ ಅಧಿಕಾರಿ ಅಂತ ಬೇರೆ ಯಾರೂ ಇರುವುದಿಲ್ಲ. ಅನಾಹುತದ ಮೊದಲ ಹತ್ತು ನಿಮಿಷ ಅಲ್ಲಿ ನಿಂತಿರುವ ಕೆಲಸಗಾರನ ಕೈಯಲ್ಲಿರುತ್ತದೆ. ಮಾಲೀಕರು ಊರಲ್ಲಿ ಇಲ್ಲದೆ ಇರಬಹುದು, ಅಧಿಕಾರಿಗಳು ಬರುವುದು ಆಮೇಲೆ. ಆ ಹತ್ತು ನಿಮಿಷಕ್ಕೆ ಮಿಲ್ಲನ್ನು ಸಿದ್ಧ ಮಾಡಿಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಮೊದಲು ನೀರಿನ ದಾರಿ ಹುಡುಕಿ

ಎಲ್ಲಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಬಹಳ ಮಿಲ್ಲುಗಳಲ್ಲಿ ಯಾರೂ ಮಾಡಿರುವುದಿಲ್ಲ. ನಿಮ್ಮ ಜಾಗದಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? "ಹಿಂದ್ಗಡೆ ಮೋರಿಗೆ" ಅನ್ನುವ ಉತ್ತರ ಸಾಲದು. ಆ ಮೋರಿ ಎಲ್ಲಿಗೆ ಹೋಗುತ್ತದೆ? ರಸ್ತೆಯ ಚರಂಡಿಗೋ, ಒಳಚರಂಡಿಗೋ, ಕೆರೆಗೋ, ಪಕ್ಕದವರ ತೋಟಕ್ಕೋ?

ನಾಲ್ಕು ಬಕೆಟ್ ನೀರಿಗೆ ಕೆಮ್ಮಣ್ಣು ಕಲಸಿ. ಡೀಸೆಲ್ ಇಡುವ ಜಾಗದಲ್ಲಿ ಸುರಿಯಿರಿ. ಕೆಂಪು ನೀರಿನ ಹಿಂದೆ ನಡೆದುಕೊಂಡು ಹೋಗಿ. ನೆಲದಲ್ಲಿ ಕಾಣದ ಬಿರುಕು, ಹಳೇ ಪೈಪು, ಕಾಂಪೌಂಡ್ ಗೋಡೆ ಬುಡದ ತೂತು ಎಲ್ಲಾ ಆಗ ಕಾಣಿಸುತ್ತವೆ. ಔಷಧದ ತೊಟ್ಟಿ ಹತ್ತಿರ, ಹೊಟ್ಟಿನ ರಾಶಿ ಹತ್ತಿರ, ಡೀಸೆಲ್ ಗಾಡಿ ನಿಲ್ಲುವ ಕಡೆ ಇದನ್ನೇ ಮಾಡಿ. ಇಂಜಿನಿಯರ್ ಬರೆದ ನಕ್ಷೆಗಿಂತ ಈ ಕೆಮ್ಮಣ್ಣಿನ ನೀರು ನಿಜ ಹೇಳುತ್ತದೆ. ನಕ್ಷೆ ಬರೆದ ಮೇಲೆ ಮಿಲ್ಲಿನಲ್ಲಿ ಎಷ್ಟು ಸಲ ಗಾರೆ ಬಿದ್ದಿದೆಯೋ ಯಾರಿಗೆ ಗೊತ್ತು.

ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೈಯಲ್ಲಿ ಗೀಚಿದರೂ ಸಾಕು. ಡೀಸೆಲ್ ಎಲ್ಲಿ, ಹಳೇ ಆಯಿಲ್ ಎಲ್ಲಿ, ಔಷಧ ಎಲ್ಲಿ, ಮೇನ್ ಸ್ವಿಚ್ ಎಲ್ಲಿ, ಬೋರ್‌ವೆಲ್ ಎಲ್ಲಿ, ನೀರು ಹೊರಗೆ ಹೋಗುವ ಬಾಯಿಗಳು ಎಷ್ಟು. ಆ ಬಾಯಿಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಡಿ. ಅದೇ ನಂಬರನ್ನು ಗೋಡೆಯ ಮೇಲೂ ಕೆಂಪು ಪೇಂಟಿನಲ್ಲಿ ಬರೆಸಿ. ರಾತ್ರಿ ಫೋನಿನಲ್ಲಿ "ಎರಡನೇ ಮೋರಿ ಮುಚ್ಚು" ಅಂದರೆ ಹೊಸ ಹುಡುಗನಿಗೂ ಗೊತ್ತಾಗಬೇಕು.

ಏನೇನು ಹರಿಯಬಹುದು

ಡೀಸೆಲ್ ಎಲ್ಲರಿಗೂ ಗೊತ್ತು. ಟ್ರಾಲಿಯ ಹೈಡ್ರಾಲಿಕ್ ಆಯಿಲ್, ಗೇರ್ ಆಯಿಲ್, ಜನರೇಟರ್‌ನಿಂದ ತೆಗೆದ ಹಳೇ ಆಯಿಲ್, ಬ್ಯಾಂಡ್ ಸಾ ಬ್ಲೇಡಿಗೆ ತೊಟ್ಟಿಕ್ಕಿಸುವ ಎಣ್ಣೆ ನೀರು, ಇವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಔಷಧ ಬೇರೆಯೇ ಕಥೆ. ಹುಳ ಹಿಡಿಯದಿರಲಿ ಅಂತ ಕೆಲವರು ಬೋರಿಕ್ ಆಸಿಡ್, ಬೋರಾಕ್ಸ್ ಬಳಸುತ್ತಾರೆ. ಗೆದ್ದಲಿಗೆ ಕ್ಲೋರ್‌ಪೈರಿಫಾಸ್ ಹೊಡೆಯುವವರಿದ್ದಾರೆ. ಇದು ಮೀನಿಗೆ ಬಹಳ ವಿಷ, ಸ್ವಲ್ಪ ಸೇರಿದರೂ ಸಾಯುತ್ತವೆ. ಕಂಬ, ಬೇಲಿ ಗೂಟಗಳಿಗೆ ಹಾಕುವ ಹಸಿರು ಬಣ್ಣದ ಔಷಧದಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಇರುತ್ತದೆ. ಡಬ್ಬದ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆಯನ್ನು ಅಂಗಡಿಯವರಿಂದ ಕೇಳಿ ಪಡೆಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೊಟ್ಟಿ ಪಕ್ಕದಲ್ಲೇ ತೂಗುಹಾಕಿ. ಆಫೀಸ್ ಬೀರುವಿನಲ್ಲಿಟ್ಟರೆ ಯಾರಿಗೂ ಪ್ರಯೋಜನವಿಲ್ಲ.

ಇನ್ನೊಂದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ: ಹೊಟ್ಟು. ಮಳೆಗೆ ನೆಂದ ಹೊಟ್ಟು ಮತ್ತು ತೊಗಟೆಯಿಂದ ಡಿಕಾಕ್ಷನ್ ಬಣ್ಣದ ನೀರು ಇಳಿಯುತ್ತದೆ. ಅದರಲ್ಲಿ ಮರದ ಒಗರು ಇರುತ್ತದೆ. ಆ ನೀರು ಕೆರೆಗೆ ಹೋಗಿ ಕೊಳೆಯುವಾಗ ಕೆರೆ ನೀರಿನಲ್ಲಿರುವ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀನು ಉಸಿರುಗಟ್ಟಿ ಮೇಲೆ ಬಂದು ಬಾಯಿ ಬಿಡುತ್ತವೆ. ಯಾರೋ ವಿಷ ಹಾಕಿದರು ಅಂತ ಊರಲ್ಲಿ ಗಲಾಟೆ ಆಗುತ್ತದೆ. ವಿಷ ಹಾಕಿದವರು ಯಾರೂ ಇಲ್ಲ, ಹೊಟ್ಟಿನ ಮೇಲೆ ಮಳೆ ಬಿದ್ದಿದೆ ಅಷ್ಟೇ. ಲೆಕ್ಕ ನೋಡಿ: ಒಂದು ಎಕರೆ ಜಾಗಕ್ಕೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80,000 ಲೀಟರ್ ನೀರು. ಒಂದು ಜೋರು ಭರಣಿ ಮಳೆಗೆ ಇಷ್ಟು ನೀರು ನಿಮ್ಮ ಯಾರ್ಡಿನ ಮೇಲೆ ಹಾದುಹೋಗುತ್ತದೆ.

ಇಡುವ ಜಾಗ ಸರಿ ಮಾಡಿ

ಡೀಸೆಲ್ ಮತ್ತು ಆಯಿಲ್ ಡ್ರಮ್ಮುಗಳನ್ನು ಗಾರೆ ನೆಲದ ಮೇಲೆ, ಸೂರಿನ ಕೆಳಗೆ, ಸುತ್ತ ಕಟ್ಟೆ ಕಟ್ಟಿ ಇಡಿ. ಕಟ್ಟೆಯ ಲೆಕ್ಕ ಸುಲಭ. ಒಳಗಿರುವ ಅತಿ ದೊಡ್ಡ ಡ್ರಮ್ ಪೂರ್ತಿ ಸೋರಿದರೂ ಅದಕ್ಕಿಂತ ಶೇ. 10ರಷ್ಟು ಜಾಸ್ತಿ ಹಿಡಿಯಬೇಕು. 200 ಲೀಟರ್ ಬ್ಯಾರೆಲ್ಲಿಗೆ 220 ಲೀಟರ್. 4 ಅಡಿ ಉದ್ದ, 4 ಅಡಿ ಅಗಲ, 8 ಅಂಗುಲ ಎತ್ತರದ ಕಟ್ಟೆ ಸುಮಾರು 300 ಲೀಟರ್ ಹಿಡಿಯುತ್ತದೆ. ಡ್ರಮ್ ಕೂತ ಜಾಗ ಕಳೆದರೂ 240 ಲೀಟರಿಗೆ ಕಮ್ಮಿಯಿಲ್ಲ. ಎರಡು ಸಾಲು ಇಟ್ಟಿಗೆ, ಒಳಗೆ ನೀಟಾಗಿ ಗಾರೆ, ಒಂದು ದಿನದ ಕೆಲಸ.

ಒಂದು ಎಚ್ಚರ. ಕಟ್ಟೆ ಕಟ್ಟಿದ ಮೇಸ್ತ್ರಿ ಅಭ್ಯಾಸಬಲದಿಂದ ಮೂಲೆಯಲ್ಲಿ ನೀರು ಹೋಗಲಿ ಅಂತ ಒಂದು ಪೈಪು ಬಿಡುತ್ತಾರೆ. ಆ ತೂತು ಇದ್ದರೆ ಕಟ್ಟೆ ಇದ್ದೂ ಇಲ್ಲದ ಹಾಗೆ. ಮುಚ್ಚಿಸಿ. ಮಳೆನೀರು ಒಳಗೆ ಬಂದರೆ ಮಗ್ಗಿನಲ್ಲಿ ತೋಡಿ ತೆಗೆಯಿರಿ, ಎಣ್ಣೆ ಪಸೆ ಇದ್ದರೆ ಅದನ್ನೂ ಹಳೇ ಆಯಿಲ್ ಡ್ರಮ್ಮಿಗೇ ಹಾಕಿ.

ಡೀಸೆಲ್ಲನ್ನು ಒಟ್ಟು 2,500 ಲೀಟರ್ ಮೀರದ ಹಾಗೆ, ಒಂದೊಂದು ಪಾತ್ರೆಯಲ್ಲಿ 1,000 ಲೀಟರ್ ಮೀರದ ಹಾಗೆ ಇಟ್ಟುಕೊಂಡರೆ ಪೆಟ್ರೋಲಿಯಂ ಕಾಯ್ದೆಯ ಲೈಸೆನ್ಸ್ ಬೇಕಿಲ್ಲ. ಸಾಮಾನ್ಯ ಮಿಲ್ಲಿಗೆ ಅಷ್ಟು ಬೇಕಾಗುವುದೂ ಇಲ್ಲ. ಹಳೇ ಆಯಿಲ್ ಮಾತ್ರ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. 2016ರ ನಿಯಮದ ಪ್ರಕಾರ ಅದನ್ನು 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಪರವಾನಗಿ ಇರುವ ಮರುಬಳಕೆದಾರರಿಗೆ ಕೊಟ್ಟು ರಶೀದಿ ಪಡೆಯಿರಿ. ಗೆದ್ದಲು ಬರಬಾರದು ಅಂತ ಅದನ್ನು ಬೇಲಿ ಬುಡಕ್ಕೆ ಸುರಿಯುವ ಚಾಳಿ ನಮ್ಮ ಕಡೆ ಜಾಸ್ತಿ. ಆ ಬೇಲಿ ಬುಡದಿಂದ ಬೋರ್‌ವೆಲ್‌ಗೆ ಎಷ್ಟು ದೂರ ಅಂತ ಒಮ್ಮೆ ಅಳೆದು ನೋಡಿ.

ಹೊಟ್ಟನ್ನು ಮೋರಿಯಿಂದ ಆದಷ್ಟು ದೂರ ಹಾಕಿ. ಶೀಟ್ ಹೊದಿಸಿದ ಸೂರು ಇದ್ದರೆ ಅರ್ಧ ತಲೆನೋವು ಹೋಯಿತು. ರಾಶಿಗಿಂತ ಎತ್ತರದ ಕಡೆ ನೆಲದಲ್ಲಿ ಒಂದು ಸಣ್ಣ ಬದು ಹಾಕಿದರೆ ಹೊರಗಿನ ಮಳೆನೀರು ರಾಶಿಗೆ ನುಗ್ಗುವುದಿಲ್ಲ. ಇಳಿಜಾರಿನ ಕಡೆ ಒಂದು ಗುಂಡಿ ಇರಲಿ. ರಾಶಿಯ ನೀರು ಅಲ್ಲಿ ನಿಂತು, ಹೊಟ್ಟು ತಳಕ್ಕೆ ಕೂರುತ್ತದೆ. ರಾಶಿಯ ಎತ್ತರ ಆಳುದ್ದ ಮೀರಬಾರದು. ಹಳೇದನ್ನು ಮೊದಲು ಸಾಗಿಸಿ. ಕೋಳಿ ಫಾರಂನವರು, ಇಟ್ಟಿಗೆ ಗೂಡಿನವರು, ಬಾಯ್ಲರ್ ಇರುವವರು ಕೊಳ್ಳುತ್ತಾರೆ, ಆದರೆ ಅವರು ಬರುವ ತನಕ ಕಾಯುತ್ತಾ ಕೂತರೆ ಗುಡ್ಡ ಬೆಳೆಯುತ್ತದೆ. ಔಷಧ ಹಾಕಿದ ಹಲಗೆಯ ಹೊಟ್ಟು ಮಾತ್ರ ಬೇರೆ ಚೀಲದಲ್ಲಿ, ಬೇರೆ ಜಾಗದಲ್ಲಿ. ಅದು ಕೋಳಿಗೂ ಹೋಗಬಾರದು, ಒಲೆಗೂ ಹೋಗಬಾರದು. ಆರ್ಸೆನಿಕ್ ಸುಟ್ಟರೆ ಹೋಗಿಬಿಡುವುದಿಲ್ಲ, ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಮಿಕ್ಕಿದ್ದು ಬೂದಿಯಲ್ಲೇ ಉಳಿಯುತ್ತದೆ.

ಕೈಗೆ ಸಿಗುವ ಸಾಮಾನು

ಎಣ್ಣೆ ಹೀರುವ ಕಿಟ್ ಅಂತ ಕಂಪನಿಗಳು ಮಾರುತ್ತವೆ. ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ. ಆದರೆ ಸಾಮಿಲ್‌ಗೆ ಅದು ಅನಿವಾರ್ಯ ಅಂತ ನನಗೆ ಅನ್ನಿಸುವುದಿಲ್ಲ. ಎಣ್ಣೆ ಹೀರಲು ಒಣ ಹೊಟ್ಟಿಗಿಂತ ಅಗ್ಗದ್ದು ಏನಿದೆ? ಒಂದು ದೊಡ್ಡ ಮುಚ್ಚಳದ ಡ್ರಮ್ಮಿಗೆ ಹಳದಿ ಬಣ್ಣ ಬಳಿದು ಇವನ್ನು ತುಂಬಿಡಿ: ಔಷಧ ಹಾಕದ ಒಣ ಹೊಟ್ಟು ತುಂಬಿದ ಚೀಲಗಳು, ಎರಡು ಸಲಿಕೆ, ಒಂದು ಬಾಂಡ್ಲಿ, ಗಟ್ಟಿ ಪ್ಲಾಸ್ಟಿಕ್ ಶೀಟು, ಖಾಲಿ ಗೋಣಿಚೀಲ, ನೈಟ್ರೈಲ್ ಗ್ಲೌಸ್, ಕನ್ನಡಕ, ಒಂದು ಬಾರ್ ಬಟ್ಟೆ ಸೋಪು, ಮುಷ್ಟಿಯಷ್ಟು ಜೇಡಿಮಣ್ಣು, ಮರದ ಬೆಣೆಗಳು. ಮರದ ಬೆಣೆಗೆ ನಿಮ್ಮಲ್ಲಿ ಬರವಿಲ್ಲ ಅಲ್ವಾ.

ಸೋಪು ಯಾಕೆ ಅಂತ ಕೇಳಬಹುದು. ಡ್ರಮ್ಮಿನಲ್ಲಿ ಸಣ್ಣ ಬಿರುಕು ಬಿಟ್ಟರೆ ಸೋಪನ್ನು ಬಲವಾಗಿ ತಿಕ್ಕಿ ತುಂಬಿದರೆ ಡೀಸೆಲ್ ಸೋರುವುದು ತಾತ್ಕಾಲಿಕವಾಗಿ ನಿಲ್ಲುತ್ತದೆ. ಡೀಸೆಲ್ ಸೋಪನ್ನು ಬೇಗ ಕರಗಿಸುವುದಿಲ್ಲ.

ಮರಳು ತುಂಬಿದ ಚೀಲಗಳು ಡ್ರಮ್ಮಿನಲ್ಲಿ ಬೇಡ. ಅವು ನಂಬರ್ ಬರೆದ ಪ್ರತಿ ಮೋರಿ ಬಾಯಿಯ ಪಕ್ಕದಲ್ಲೇ ಇರಬೇಕು. ಒಂದೊಂದು ಬಾಯಿಗೆ ಆರೇಳು. ಪೂರ್ತಿ ತುಂಬಬೇಡಿ, ಮುಕ್ಕಾಲು ತುಂಬಿದ ಚೀಲ ಮೋರಿಯ ಆಕಾರಕ್ಕೆ ಬಗ್ಗಿ ಕೂರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಚೀಲ ಒಂದೇ ಬೇಸಿಗೆಗೆ ಪುಡಿಯಾಗುತ್ತದೆ, ಅದರ ಮೇಲೊಂದು ಶೀಟ್ ಮುಚ್ಚಿ.

ನಿಲ್ಲಿಸುವ ಅಧಿಕಾರ ಯಾರಿಗೆ

ಸಾಮಾನಿಗಿಂತ ಇದು ಮುಖ್ಯ. ಆಯಿಲ್ ಸೋರುವುದನ್ನು ಮೊದಲು ನೋಡುವವನು ದಿಮ್ಮಿ ಉರುಳಿಸುವ ಹುಡುಗ. ಅವನು ಏನು ಯೋಚಿಸುತ್ತಾನೆ? "ಮಿಲ್ ನಿಲ್ಸಿದ್ರೆ ಯಜಮಾನ್ರು ಬಯ್ತಾರೆ." ಅದಕ್ಕೆ ಸುಮ್ನಿರುತ್ತಾನೆ. ಇಲ್ಲವೇ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಅಷ್ಟರಲ್ಲಿ ಎಣ್ಣೆ ಮೋರಿ ದಾಟಿರುತ್ತದೆ.

ಆದ್ದರಿಂದ ಮಾಲೀಕರೇ ಎಲ್ಲರ ಮುಂದೆ ನಿಂತು ಹೇಳಬೇಕು: ಸೋರಿಕೆ, ಹೊಗೆ ಕಂಡರೆ ಯಾರು ಬೇಕಾದರೂ ಸ್ವಿಚ್ ಆರಿಸಬಹುದು, ಯಾರೂ ಬಯ್ಯುವುದಿಲ್ಲ. ಸುಳ್ಳು ಎಚ್ಚರಿಕೆ ಆದರೂ ಬಯ್ಯುವುದಿಲ್ಲ. ಒಂದು ಸಲ ಬೈದರೆ ಮುಂದಿನ ಸಲ ಯಾರೂ ಕೂಗುವುದಿಲ್ಲ, ಅಷ್ಟು ನೆನಪಿಡಿ.

ಈಗ ಬಹಳ ಮಿಲ್ಲುಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಂ ಕಡೆಯ ಹುಡುಗರು ಕೆಲಸ ಮಾಡುತ್ತಾರೆ. ಸೂಚನೆ ಬರೀ ಕನ್ನಡದಲ್ಲಿ ಬರೆದರೆ ಅವರಿಗೆ ಮುಟ್ಟುವುದಿಲ್ಲ. ಪಕ್ಕದಲ್ಲಿ ಹಿಂದಿಯೂ ಇರಲಿ, ಚಿತ್ರವೂ ಇರಲಿ. ಚಿತ್ರವೇ ಎಲ್ಲಕ್ಕಿಂತ ವಾಸಿ.

ಫೋನ್ ನಂಬರುಗಳ ಬೋರ್ಡು ಗೇಟಿನ ಹತ್ತಿರ, ಕೆಲಸದ ಶೆಡ್ಡಿನಲ್ಲಿ, ಎರಡೂ ಕಡೆ ಹಾಕಿ. ತುರ್ತಿಗೆ 112. ಹತ್ತಿರದ ಅಗ್ನಿಶಾಮಕ ಠಾಣೆಯ ನೇರ ನಂಬರ್. ಕರೆಂಟ್ ತೆಗೆಸಲು ಸೆಸ್ಕ್‌ನ 1912. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ನಿಮ್ಮ ಕನ್ಸೆಂಟ್ ಪತ್ರ, ಅಂದರೆ ಮಿಲ್ ನಡೆಸಲು ಮಂಡಳಿ ಕೊಡುವ ಒಪ್ಪಿಗೆ, ಯಾವುದರಿಂದ ಬಂದಿದೆಯೋ ಅಲ್ಲಿನ ನಂಬರ್ ಬರೆಯಿರಿ. ಪಂಚಾಯಿತಿ ಪಿಡಿಒ ಅಥವಾ ನಗರಸಭೆ. ಜೆಸಿಬಿ ಮಾಲೀಕ. ಸಕ್ಕಿಂಗ್ ಮಷಿನ್ ಗಾಡಿಯವನು.

ಇನ್ನೊಬ್ಬರ ನಂಬರನ್ನು ನಾನು ಯಾವ ಮಿಲ್ಲಿನ ಬೋರ್ಡಿನಲ್ಲೂ ಕಂಡಿಲ್ಲ: ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ. ನಾಲೆ, ಕೆರೆ ಹತ್ತಿರ ಇರುವ ಮಿಲ್ಲಿಗೆ ಅವನಿಗಿಂತ ಉಪಯೋಗದ ಮನುಷ್ಯ ಇನ್ನೊಬ್ಬನಿಲ್ಲ. ಯಾವ ತೂಬು ಎಲ್ಲಿದೆ, ಯಾವ ಗದ್ದೆಗೆ ಇವತ್ತು ನೀರು ಬಿಟ್ಟಿದೆ, ಯಾವುದನ್ನು ಮುಚ್ಚಿದರೆ ಕೆಳಗಿನವರಿಗೆ ತೊಂದರೆ ತಪ್ಪುತ್ತದೆ, ಎಲ್ಲಾ ಅವನಿಗೆ ಗೊತ್ತು. ಹಬ್ಬದ ದಿನ ಒಂದು ಮಾತಾಡಿಸಿ ನಂಬರ್ ಇಸ್ಕೊಳ್ಳಿ.

ಎಣ್ಣೆ ಚೆಲ್ಲಿದಾಗ

1. ಕೂಗಿ. ಹತ್ತಿರದ ಬೀಡಿ, ವೆಲ್ಡಿಂಗ್, ಗ್ರೈಂಡಿಂಗ್ ಎಲ್ಲಾ ನಿಲ್ಲಬೇಕು. ಜನರೇಟರ್ ಆರಿಸಿ.

2. ಇಬ್ಬರಿದ್ದರೆ ಒಬ್ಬ ಡ್ರಮ್ಮಿಗೆ, ಒಬ್ಬ ಮೋರಿಗೆ. ಒಬ್ಬನೇ ಇದ್ದರೆ? ನಲ್ಲಿ ತಿರುಗಿಸಿದರೆ ಅಥವಾ ಬಿದ್ದ ಡ್ರಮ್ಮನ್ನು ಎತ್ತಿ ನಿಲ್ಲಿಸಿದರೆ ಸೋರಿಕೆ ನಿಲ್ಲುವುದಾದರೆ ಅದನ್ನು ಮೊದಲು ಮಾಡಿ. ಇಲ್ಲದಿದ್ದರೆ ಡ್ರಮ್ ಬಿಟ್ಟು ಮೋರಿಗೆ ಓಡಿ. ಸಾಮಾನ್ಯವಾಗಿ ಜನ ಇದರ ಉಲ್ಟಾ ಮಾಡುತ್ತಾರೆ. ಸೋರುವ ಡ್ರಮ್ ಸುತ್ತ ನಾಲ್ಕು ಜನ ನಿಂತಿರುತ್ತಾರೆ, ಮೋರಿ ಹತ್ತಿರ ಯಾರೂ ಇರುವುದಿಲ್ಲ. ಯಾರ್ಡಿನಲ್ಲಿ ನಿಂತ ಡೀಸೆಲ್ಲನ್ನು ಸಂಜೆ ತನಕ ಬಳಿದು ತೆಗೆಯಬಹುದು. ಮೋರಿ ದಾಟಿದ್ದು ಕೈಗೆ ಸಿಗುವುದಿಲ್ಲ.

3. ಡ್ರಮ್ಮನ್ನು ಉರುಳಿಸಿ ತೂತು ಮೇಲೆ ಬರುವಂತೆ ಮಾಡಿ. ಸೋಪು, ಜೇಡಿಮಣ್ಣು, ಬೆಣೆ ಇವುಗಳಲ್ಲಿ ಯಾವುದು ಕೂರುತ್ತದೋ ಅದನ್ನು ಹಾಕಿ. ಕೆಳಗೆ ಬಾಂಡ್ಲಿ ಇಡಿ.

4. ಹೊಟ್ಟನ್ನು ಎಣ್ಣೆಯ ನಡುವೆ ಸುರಿಯಬೇಡಿ. ಎಣ್ಣೆ ಹರಿಯುವ ಮುಂಭಾಗದಲ್ಲಿ ಅರ್ಧ ಚಂದ್ರಾಕಾರವಾಗಿ ಒಡ್ಡು ಹಾಕಿ, ಅಲ್ಲಿಂದ ಒಳಗೆ ಬನ್ನಿ.

5. ನೀರು ಹಾಕಿ ತೊಳೆಯಬೇಡಿ. ಸೋಪಿನ ಪುಡಿ ಹಾಕಿ ತಿಕ್ಕಬೇಡಿ. ನೆಲ ಫಳಫಳ ಅನ್ನುತ್ತದೆ ನಿಜ, ಆದರೆ ಎಣ್ಣೆ ಎಲ್ಲೂ ಹೋಗಿರುವುದಿಲ್ಲ. ನೀರಿನ ಜೊತೆ ಬೆರೆತು ಇನ್ನೂ ದೂರ ಹೋಗಿರುತ್ತದೆ, ಆಮೇಲೆ ಅದನ್ನು ಬೇರೆ ಮಾಡುವುದೂ ಕಷ್ಟ.

6. ಎಣ್ಣೆ ಹೀರಿದ ಹೊಟ್ಟನ್ನು ಗುಡಿಸಿ, ಮುಚ್ಚಳ ಇರುವ ಕಬ್ಬಿಣದ ಡ್ರಮ್ಮಿಗೆ ತುಂಬಿ. ಇದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಶೆಡ್ಡಿನಿಂದ ದೂರ ಇಡಿ. ಮಣ್ಣಿನ ನೆಲಕ್ಕೆ ಇಳಿದಿದ್ದರೆ ಎಣ್ಣೆ ವಾಸನೆ ಬರುವಷ್ಟು ಆಳ ಅಗೆದು, ಆ ಮಣ್ಣನ್ನು ಶೀಟಿನ ಮೇಲೆ ಹಾಕಿ ಮುಚ್ಚಿ.

ಔಷಧ ಚೆಲ್ಲಿದರೆ ಬೇರೆ ಕ್ರಮ

ಇಲ್ಲಿ ಹೊಟ್ಟು ಬೇಡ. ಕ್ರೋಮಿಯಂ ಇರುವ ಗಟ್ಟಿ ದ್ರಾವಣ ಹೊಟ್ಟಿಗೆ ಸೇರಿದರೆ ಬಿಸಿಯಾಗಿ ಬೆಂಕಿಯೇ ಹೊತ್ತಿಕೊಳ್ಳಬಹುದು. ಒಣ ಮರಳು ಅಥವಾ ಒಣ ಮಣ್ಣು ಬಳಸಿ. ಗ್ಲೌಸ್, ಕನ್ನಡಕ, ಗಂಬೂಟು ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಆ ಮಾಹಿತಿ ಹಾಳೆಯನ್ನೂ ತೆಗೆದುಕೊಂಡು ಹೋಗಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು.

ಔಷಧದಲ್ಲಿ ಅದ್ದಿದ ಹಲಗೆಯಿಂದ ತೊಟ್ಟಿಕ್ಕುವುದೂ ಇದೇ ವಿಷ. ತೊಟ್ಟಿಯ ಮೇಲೆಯೇ ಹಲಗೆ ಒರಗಿಸಿ ಪೂರ್ತಿ ಇಳಿಯಲು ಬಿಡಿ. ಲಾರಿ ಕಾಯುತ್ತಿದೆ ಅಂತ ಒದ್ದೆ ಹಲಗೆ ತುಂಬಿದರೆ ಆ ಲಾರಿ ಹೋದ ದಾರಿಯೆಲ್ಲಾ ಚೆಲ್ಲುತ್ತದೆ.

ಹೊಟ್ಟಿನ ಬೆಂಕಿ

ಎಣ್ಣೆಗಿಂತ ಇದು ಮೋಸದ್ದು. ಒಳಗೊಳಗೇ ಸುಡುತ್ತಿರುತ್ತದೆ, ಹೊರಗೆ ತಣ್ಣಗಿರುತ್ತದೆ. ಹಸಿ ಹೊಟ್ಟಿನ ದೊಡ್ಡ ರಾಶಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಬೆಳಗಿನ ಜಾವ ರಾಶಿಯಿಂದ ಹಬೆ ಏಳುವುದು, ಕಮಟು ವಾಸನೆ, ಒಂದು ಕಡೆ ರಾಶಿ ಕುಸಿದಿರುವುದು, ಇವು ಸೂಚನೆಗಳು. ಉದ್ದನೆಯ ಕಬ್ಬಿಣದ ಸರಳನ್ನು ರಾಶಿಯ ಒಳಗೆ ಚುಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ಹೊರಗೆ ಎಳೆದು ಅದರ ತುದಿಗೆ ಹಿಂಗೈಯನ್ನು ಸ್ವಲ್ಪ ದೂರದಿಂದ ಹಿಡಿದು ನೋಡಿ. ಹಿಡಿಯಲಾಗದಷ್ಟು ಕಾವು ಇದ್ದರೆ ಕಾಯಬೇಡಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಬೆಂಕಿ ಕಾಣಿಸಲಿ ಅಂತ ನೋಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಅವರು ಬರುವ ತನಕ ಏನು ಮಾಡಬಾರದು ಅನ್ನುವುದು ಮುಖ್ಯ. ರಾಶಿಯ ಮೇಲೆ ಹತ್ತಬೇಡಿ, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲು ಕುಸಿಯುತ್ತದೆ. ರಾಶಿಯನ್ನು ಒಮ್ಮೆಗೇ ಕೆದಕಬೇಡಿ, ಗಾಳಿ ಸಿಕ್ಕ ತಕ್ಷಣ ಉರಿ ಏಳುತ್ತದೆ. ಜೋರು ನೀರನ್ನು ಒಣ ಹೊಟ್ಟಿನ ಮೇಲೆ ನೇರವಾಗಿ ಹೊಡೆಯಬೇಡಿ. ನುಣ್ಣನೆಯ ಪುಡಿ ಗಾಳಿಯಲ್ಲಿ ಎದ್ದು ಕಿಡಿ ತಗುಲಿದರೆ ಸ್ಫೋಟದ ಹಾಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಸ್ಯಾಂಡಿಂಗ್ ಮಷಿನ್ ಪುಡಿಗೆ ಈ ಗುಣ ಇನ್ನೂ ಜಾಸ್ತಿ. ನೀರು ಹಾಕುವುದಾದರೆ ಮಳೆ ಹನಿಯ ಹಾಗೆ ಚಿಮುಕಿಸಿ. ಕರೆಂಟ್ ತೆಗೆಯಿರಿ, ಹತ್ತಿರದ ಹಲಗೆ ಸರಿಸಿ, ಡೀಸೆಲ್ ಡ್ರಮ್ಮುಗಳನ್ನು ದೂರ ಉರುಳಿಸಿ. ಆಮೇಲೆ ಜೆಸಿಬಿಯಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು, ಹರಡಿ, ನೆನೆಸಿ ಆರಿಸುವುದು ಸರಿಯಾದ ದಾರಿ. ಒಂದು ರಾತ್ರಿ ಹಿಡಿದರೂ ಹಿಡಿಯಬಹುದು.

ಬೆಂಕಿ ಆರಿಸುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಮೋರಿಯನ್ನೇ. ಅಗ್ನಿಶಾಮಕ ಗಾಡಿ ಸಾವಿರಾರು ಲೀಟರ್ ನೀರು ಹಾಕುತ್ತದೆ. ಆ ನೀರು ಬೂದಿ, ಕರಿ, ಸುಟ್ಟ ಆಯಿಲ್, ಔಷಧ ಎಲ್ಲವನ್ನೂ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಆದ್ದರಿಂದ ಗಾಡಿ ಗೇಟಿನೊಳಗೆ ಬರುವ ಮುಂಚೆಯೇ ಒಬ್ಬ ಮರಳು ಚೀಲ ಹಾಕಿ ಮೋರಿ ಬಾಯಿಗಳನ್ನು ಮುಚ್ಚಿರಬೇಕು. ಬಂದ ತಂಡದ ಮುಖ್ಯಸ್ಥರಿಗೆ ನಿಮ್ಮ ಕೈನಕ್ಷೆ ಕೊಟ್ಟು, ಡೀಸೆಲ್ ಇಲ್ಲಿದೆ, ಔಷಧ ಇಲ್ಲಿದೆ, ನೀರು ಇಲ್ಲಿಂದ ಹೊರಗೆ ಹೋಗುತ್ತದೆ ಅಂತ ಹೇಳಿ. ಅವರ ಕೆಲಸಕ್ಕೆ ಅಡ್ಡ ಬರಬೇಡಿ, ಜನರ ಜೀವಕ್ಕೆ ಅಪಾಯ ಇದ್ದರೆ ನೀರಿನ ಲೆಕ್ಕ ಆಮೇಲೆ.

ಧೂಳಿನ ವಿಷಯ ಚಿಕ್ಕದು. ಧೂಳು ಹಿಡಿಯುವ ಸೈಕ್ಲೋನ್ ಕಟ್ಟಿಕೊಂಡರೆ, ಚೀಲ ಹರಿದರೆ, ಬ್ಲೋವರ್ ಆರಿಸಿ, ಮಷಿನ್ ನಿಲ್ಲಿಸಿ, ಸರಿ ಮಾಡಿ, ಆಮೇಲೆ ಶುರು ಮಾಡಿ. ಆಷಾಢದ ಗಾಳಿಯಲ್ಲಿ ಒಂದು ಗಂಟೆ ಹಾಗೇ ಓಡಿಸಿದರೂ ಪೂರ್ವಕ್ಕಿರುವ ಮನೆಗಳ ಒಗೆದ ಬಟ್ಟೆಯ ಮೇಲೆಲ್ಲಾ ಪುಡಿ ಕೂರುತ್ತದೆ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ನಿಮ್ಮ ಹುಡುಗರ ಮೂಗಿಗೆ ಮಾಸ್ಕ್ ಕೊಡಿಸಿ.

ಹೊರಗೆ ಹೋಗೇಬಿಟ್ಟರೆ

ನೀರುಗಂಟಿಗೆ ಫೋನ್ ಮಾಡಿ, ತೂಬು ಮುಚ್ಚಿಸಿ. ಕೆಳಗಿನ ಗದ್ದೆಯವರಿಗೆ, ದನ ಕುಡಿಸುವವರಿಗೆ, ಬಟ್ಟೆ ಒಗೆಯುವವರಿಗೆ ಮೊದಲೇ ಹೇಳಿ. ಹತ್ತಿರ ತೆರೆದ ಬಾವಿ ಅಥವಾ ಬೋರ್‌ವೆಲ್ ಇದ್ದರೆ ಪರೀಕ್ಷೆ ಆಗುವ ತನಕ ಕುಡಿಯಬೇಡಿ ಅಂತ ಹೇಳಿ. ಹೇಳಲು ಮುಜುಗರ ಆಗುತ್ತದೆ, ಆದರೆ ಎಮ್ಮೆ ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟ.

ಚರಂಡಿಯಲ್ಲಿ ಹರಿಯುವ ಎಣ್ಣೆಯನ್ನು ತಡೆಯಲು ಒಂದು ಉಪಾಯವಿದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ. ಮರಳು ಚೀಲದ ಅಡ್ಡಗಟ್ಟೆ ಹಾಕಿ, ಅದರೊಳಗೆ ಒಂದು ಪಿವಿಸಿ ಪೈಪನ್ನು ಓರೆಯಾಗಿ ಇಡಿ. ನೀರು ಬರುವ ಕಡೆಯ ಬಾಯಿ ತಳದಲ್ಲಿ, ನೀರು ಹೋಗುವ ಕಡೆಯ ಬಾಯಿ ಸ್ವಲ್ಪ ಎತ್ತರದಲ್ಲಿ. ಆಗ ತಳದ ನೀರು ಮಾತ್ರ ಮುಂದೆ ಹೋಗುತ್ತದೆ, ಎಣ್ಣೆ ಕಟ್ಟೆಯ ಹಿಂದೆ ನಿಲ್ಲುತ್ತದೆ. ನಿಂತ ಎಣ್ಣೆಯ ಮೇಲೆ ಬಲೆಯಲ್ಲಿ ಕಟ್ಟಿದ ಭತ್ತದ ಹುಲ್ಲು ಬಿಟ್ಟರೆ ಚೆನ್ನಾಗಿ ಹೀರುತ್ತದೆ. ಮಂಡ್ಯದಲ್ಲಿ ಹುಲ್ಲಿಗೇನು ಕಮ್ಮಿ. ನಾಲೆಯ ಸೆಳೆತ ಜೋರಾಗಿದ್ದರೆ ಮಾತ್ರ ಯಾರೂ ನೀರಿಗೆ ಇಳಿಯಬೇಡಿ. ನಾಲೆ ಹತ್ತಿರ ಹಗ್ಗ ಇಲ್ಲದೆ ಕೆಲಸ ಮಾಡಲೇಬೇಡಿ.

ಔಷಧ ಮತ್ತು ಹೊಟ್ಟಿನ ನೀರಿಗೆ ಈ ಉಪಾಯ ನಡೆಯುವುದಿಲ್ಲ. ಅವು ನೀರಿನಲ್ಲಿ ಕರಗಿರುತ್ತವೆ. ಹರಿವನ್ನೇ ಪೂರ್ತಿ ಕಟ್ಟಿ, ಟ್ಯಾಂಕರಿಗೆ ಎಳೆಸಬೇಕು. ಸಕ್ಕಿಂಗ್ ಗಾಡಿಯವನು ಅದನ್ನು ಎಲ್ಲಿ ಸುರಿಯುತ್ತಾನೆ ಅಂತ ಮೊದಲೇ ಮಂಡಳಿಯವರನ್ನು ಕೇಳಿ ತೀರ್ಮಾನಿಸಿ. ಊರಾಚೆ ಹಳ್ಳಕ್ಕೆ ಸುರಿದರೆ ನಿಮ್ಮ ತೊಂದರೆಯನ್ನು ಇನ್ನೊಂದೂರಿಗೆ ಸಾಗಿಸಿದ ಹಾಗಾಯಿತು, ಜವಾಬ್ದಾರಿಯೂ ನಿಮ್ಮದೇ.

ಮಂಡಳಿಗೆ ತಿಳಿಸುವುದು

ಇಲ್ಲಿ ಬಹಳ ಜನ ಹಿಂಜರಿಯುತ್ತಾರೆ. ಹೇಳಿದರೆ ನೋಟಿಸ್ ಕೊಡುತ್ತಾರೆ, ಹೇಳದಿದ್ದರೆ ಗೊತ್ತೇ ಆಗುವುದಿಲ್ಲ ಅನ್ನುವ ಲೆಕ್ಕ. 1974ರ ಜಲ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಅಪಘಾತದಿಂದ ಕೊಳಕು ಹೊಳೆ, ಬಾವಿ, ಚರಂಡಿ ಅಥವಾ ನೆಲಕ್ಕೆ ಸೇರಿದರೆ, ಸೇರುವ ಸಂಭವ ಇದ್ದರೂ, ಜಾಗದ ಜವಾಬ್ದಾರಿ ಹೊತ್ತವರು ತಕ್ಷಣ ಮಂಡಳಿಗೆ ತಿಳಿಸಬೇಕು. ಹಳೇ ಆಯಿಲ್ ಥರದ ಅಪಾಯಕಾರಿ ತ್ಯಾಜ್ಯ ಇದ್ದರೆ ಫೋನ್, ಇಮೇಲ್ ಮಾಡಿದ ಮೇಲೆ ಫಾರ್ಮ್ 11ರಲ್ಲಿ ವರದಿ ಕೊಡಬೇಕು. ಮುಚ್ಚಿಟ್ಟ ವಿಷಯ ಸತ್ತ ಮೀನಿನ ಫೋಟೋ ಆಗಿ ವಾಟ್ಸಾಪ್‌ನಲ್ಲಿ ಓಡಾಡಿ ಅಧಿಕಾರಿಗಳಿಗೆ ತಲುಪಿದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ನೀವೇ ಮೊದಲು ಫೋನ್ ಮಾಡಿದ್ದರೆ, ಮೋರಿ ಮುಚ್ಚಿದ ಫೋಟೋ ಸಮಯದ ಸಮೇತ ಇದ್ದರೆ, ಮಾತುಕತೆ ಬೇರೆ ಥರ ಇರುತ್ತದೆ.

ಫೋನಿನಲ್ಲಿ ಸುತ್ತು ಬಳಸಿ ಹೇಳಬೇಡಿ. ಏನು ಚೆಲ್ಲಿತು, ಅಂದಾಜು ಎಷ್ಟು ಲೀಟರ್, ಎಷ್ಟು ಹೊತ್ತಿಗೆ, ಎಲ್ಲಿಗೆ ಹೋಯಿತು, ಈಗ ಏನು ಮಾಡುತ್ತಿದ್ದೀರಿ. ಸಾಧ್ಯವಾದರೆ ತೊಳೆದ ಗಾಜಿನ ಬಾಟಲಿಯಲ್ಲಿ ಮಿಲ್ಲಿನ ಮೇಲ್ಗಡೆಯ ನೀರು ಒಂದು, ಕೆಳಗಡೆಯ ನೀರು ಒಂದು ಹಿಡಿದಿಟ್ಟು, ಸಮಯ ಬರೆದು ಅಂಟಿಸಿ. ಕೊಳಕು ಮೇಲಿನಿಂದಲೇ ಬಂದಿದ್ದರೆ ಅದೂ ಇದರಿಂದ ಗೊತ್ತಾಗುತ್ತದೆ. ಎಣ್ಣೆ ಹೀರಿದ ಹೊಟ್ಟು, ಮಣ್ಣನ್ನು ಯಾವ ಪರವಾನಗಿ ಇರುವ ಘಟಕಕ್ಕೆ ಕಳಿಸಬೇಕು ಅಂತಲೂ ಅವರನ್ನೇ ಕೇಳಿ.

ಆಯುಧ ಪೂಜೆಗೆ ಮುಂಚೆ

ವರ್ಷದಲ್ಲಿ ಒಂದು ದಿನ ನಮ್ಮ ಮಿಲ್ಲುಗಳಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಮಾಲಿನ್ಯ ಆಗುತ್ತದೆ. ಆಯುಧ ಪೂಜೆಯ ಹಿಂದಿನ ದಿನ. ಎಲ್ಲಾ ಮಷಿನ್‌ಗಳನ್ನೂ ಡೀಸೆಲ್, ಸೀಮೆಎಣ್ಣೆಯಲ್ಲಿ ಒರೆಸಿ, ವರ್ಷದ ಗ್ರೀಸ್ ಕೆರೆದು, ಪೈಪ್ ಹಿಡಿದು ನೀರು ಬಿಡುತ್ತಾರೆ. ಎಲ್ಲವೂ ಮೋರಿಗೆ. ಇದನ್ನು ನಿಲ್ಲಿಸುವುದು ಸುಲಭ. ಕೆರೆಯುವ ಮುಂಚೆ ಕೆಳಗೆ ಶೀಟ್ ಹಾಸಿ. ನೀರಿನ ಬದಲು ಹೊಟ್ಟು ಹಾಕಿ ಉಜ್ಜಿ ಗುಡಿಸಿ. ಎಣ್ಣೆ ಬಟ್ಟೆಗಳನ್ನು ಮುಚ್ಚಳದ ಡಬ್ಬಕ್ಕೆ ಹಾಕಿ. ನೆಲ ತೊಳೆಯಲೇಬೇಕು ಅಂದರೆ ಗುಡಿಸಿ ಆದ ಮೇಲೆ ತೊಳೆಯಿರಿ.

ಹೇಗೂ ಎಲ್ಲರೂ ಸೇರಿರುತ್ತಾರೆ, ಅದೇ ದಿನ ಒಂದು ಅಭ್ಯಾಸವನ್ನೂ ಮಾಡಿಸಿ. ಯಾರಿಗೂ ಹೇಳದೆ ಡೀಸೆಲ್ ಜಾಗದಲ್ಲಿ ಕೆಮ್ಮಣ್ಣಿನ ನೀರು ಸುರಿದು "ಡೀಸೆಲ್ ಸೋರ್ತಿದೆ" ಅಂತ ಕೂಗಿ. ಗಡಿಯಾರ ನೋಡಿ. ಕೆಂಪು ನೀರು ಮೊದಲು ಮೋರಿ ತಲುಪುತ್ತದೋ, ಚೀಲ ಹಿಡಿದ ಹುಡುಗ ಮೊದಲು ತಲುಪುತ್ತಾನೋ? ನೀರು ಗೆದ್ದರೆ ಚೀಲಗಳನ್ನು ಇನ್ನೂ ಹತ್ತಿರ ತನ್ನಿ, ಇಲ್ಲವೇ ಮೋರಿ ಬಾಯಿಗೆ ಸರಿಸಿ ಮುಚ್ಚುವ ಹಲಗೆ ಮಾಡಿಸಿ. ಏಪ್ರಿಲ್‌ನಲ್ಲಿ, ಭರಣಿ ಮಳೆಗೆ ಮುಂಚೆ, ಇನ್ನೊಮ್ಮೆ ಮಾಡಿ. ಹೊಸಬರು ಸೇರಿರುತ್ತಾರೆ, ಹಳೇ ಚೀಲ ಹರಿದಿರುತ್ತದೆ, ಹಳದಿ ಡ್ರಮ್ಮಿನ ಸಲಿಕೆಯನ್ನು ಯಾರೋ ಮನೆಗೆ ಒಯ್ದಿರುತ್ತಾರೆ. ಖರ್ಚಾದ ಚೀಲಗಳನ್ನು ಅವತ್ತೇ ಸಂಜೆ ತುಂಬಿಸಿ, ಲೆಕ್ಕ ಪುಸ್ತಕದಲ್ಲಿ ತಾರೀಖು ಬರೆದು ಮೇಸ್ತ್ರಿಯ ಸಹಿ ಹಾಕಿಸಿ.